ಕಡಿಮೆ ದುಡ್ಡಿಗೆ ಏರ್‌ಗನ್ ಸ್ಕೋಪ್: ಎಕ್ಸ್ ಆಮೇಲೆ, ಎಒ ಮೊದಲು

ನನ್ನ ಮೊದಲ ಸ್ಕೋಪ್ ಬಾಳಿದ್ದು ಒಂದೂವರೆ ಡಬ್ಬಿ ಪೆಲೆಟ್‌ವರೆಗೆ. ಆನ್‌ಲೈನ್‌ನಲ್ಲಿ 1,400 ರೂಪಾಯಿಗೆ ತರಿಸಿದ್ದೆ. ಪೆಟ್ಟಿಗೆ ಮೇಲೆ ದೊಡ್ಡದಾಗಿ 3-9×40 ಅಂತ ಬರೆದಿತ್ತು, ಅಂದರೆ 3ರಿಂದ 9 ಪಟ್ಟು (ಅದೇ ಎಕ್ಸ್) ದೊಡ್ಡದು ಮಾಡಿ ತೋರಿಸುತ್ತದೆ, ಮುಂದಿನ ಗಾಜು 40 ಮಿಲಿಮೀಟರ್. ಸೋದರಮಾವನ ಮನೆಯ ಕಾಫಿ ಕಣದಲ್ಲಿ, ಮಣ್ಣಿನ ಗೋಡೆಗೆ ಒರಗಿಸಿದ ರಟ್ಟಿನ ಮೇಲೆ ಕಾಗದ ಅಂಟಿಸಿ ಹೊಡೆಯುತ್ತಿದ್ದೆ. ಮೊದಲ ದಿನ ಐದು ಈಡಿನಲ್ಲಿ ನಾಲ್ಕು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು. ಎರಡನೇ ವಾರ ಅಂಗೈಯಗಲ ಹರಡಿದವು. ಮೂರನೇ ವಾರ ಕಾಗದಕ್ಕೇ ತಾಗಲಿಲ್ಲ. ಮಾವ ಜಗಲಿಯಲ್ಲಿ ಕೂತೇ ಕೇಳಿದರು: "ಎಂತ ಮಾರಾಯ, ಗೋಡೆಗಾದ್ರೂ ತಾಗ್ತಿದ್ಯಾ?"

ಕೈ ನಡುಗುತ್ತಿದೆ ಅಂದುಕೊಂಡೆ. ಪೆಲೆಟ್ ಬದಲಾಯಿಸಿದೆ. ಕೊನೆಗೆ ಸ್ಕೋಪ್ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಏನೋ ಗಿಲಗಿಲ ಅಂತು. ಗುರಿ ಹಿಡಿಯುವ ಅಡ್ಡಗೆರೆ ಒಂದು ಕಡೆ ವಾಲಿತ್ತು. ಮಾರಿದವನನ್ನು ಬೈದುಕೊಂಡೆ ನಿಜ. ಆದರೆ ಅರ್ಧ ತಪ್ಪು ನನ್ನದೇ. ಪೆಟ್ಟಿಗೆ ಮೇಲಿನ ಸಂಖ್ಯೆ ನೋಡಿ ಕೊಂಡಿದ್ದೆ. ನನ್ನ ಗನ್ ಯಾವ ಥರದ್ದು, ಎಷ್ಟು ದೂರಕ್ಕೆ ಹೊಡೆಯುತ್ತೇನೆ ಅಂತ ಯೋಚಿಸಿಯೇ ಇರಲಿಲ್ಲ.

ಇಲ್ಲಿ ಹೇಳುವುದೆಲ್ಲ 0.177 ಏರ್‌ಗನ್ ಇಟ್ಟುಕೊಂಡು 10ರಿಂದ 30 ಮೀಟರ್ ಒಳಗೆ ಕಾಗದಕ್ಕೋ ತಗಡಿನ ಗುರಿಗೋ ಹೊಡೆಯುವವರಿಗೆ. 2016ರ ಆಯುಧ ನಿಯಮಗಳ ಪ್ರಕಾರ 0.177 ಇಂಚು ಮೀರದ, 20 ಜೂಲ್ ದಾಟದ ಏರ್‌ಗನ್‌ಗೆ ಲೈಸೆನ್ಸ್ ಬೇಡ. ನಮ್ಮಲ್ಲಿ ಬಹಳ ಮಂದಿಯ ಕೈಯಲ್ಲಿರುವುದು ಅದೇ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುರಿಯಿಡುವ ಕೋವಿಗಳ ಕಥೆ ಬೇರೆ, ಅದನ್ನು ಇಲ್ಲಿ ತರುವುದಿಲ್ಲ. ಹಾಗೇ, ತೋಟದ ಮಂಗನಿಗೆ, ಹಕ್ಕಿಗೆ ಹೊಡೆಯಲು ಯಾವ ಸ್ಕೋಪ್ ಒಳ್ಳೇದು ಅಂತ ಕೇಳುವವರೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂತ ಒಂದಿದೆ. ಅಷ್ಟು ಸಾಕು.

ಸ್ಕೋಪೇ ಬೇಡದವರು

ಮಗನನ್ನೋ ಮಗಳನ್ನೋ ಶೂಟಿಂಗ್ ಸ್ಪರ್ಧೆಗೆ ತಯಾರು ಮಾಡುತ್ತಿದ್ದೀರಾ? ಹಾಗಾದರೆ ಸ್ಕೋಪ್ ಕೊಳ್ಳಲೇಬೇಡಿ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವೇ ಇಲ್ಲ. ಹಿಂದೆ ಸಣ್ಣ ತೂತಿನ ಪೀಪ್ ಸೈಟ್, ಮುಂದೆ ಒಂದು ಬಳೆಯಂಥ ಉಂಗುರ, ಅಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಅಂಥದ್ದರಲ್ಲೇ. ಆ ಗುರಿಹಲಗೆಯ ನಟ್ಟನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್! ಬರಿಗಣ್ಣಿಗೆ ಅದು ಕಾಣುವುದೇ ಇಲ್ಲ. ಆದರೂ ಅದಕ್ಕೇ ಹೊಡೆಯುತ್ತಾರೆ. ಸ್ಕೋಪಿನಲ್ಲಿ ಅಭ್ಯಾಸವಾದ ಹುಡುಗರಿಗೆ ಆಮೇಲೆ ಪೀಪ್ ಸೈಟ್ ಹಿಡಿಸುವುದು ಕಷ್ಟ.

ಇನ್ನು ಮಕ್ಕಳ ಜೊತೆ 10 ಮೀಟರಿನಲ್ಲಿ ಸುಮ್ನೆ ಡಬ್ಬ ಉರುಳಿಸುವುದಾದರೆ ಒಂದು ರೆಡ್ ಡಾಟ್ ಸಾಕು. ಅದು ಏನನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ, ಗುರಿಯ ಮೇಲೆ ಕೆಂಪು ಚುಕ್ಕೆ ಇಡುತ್ತದೆ ಅಷ್ಟೇ. 3 ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಚುಕ್ಕೆ 10 ಮೀಟರಿನಲ್ಲಿ ಸುಮಾರು 9 ಮಿಲಿಮೀಟರ್ ಜಾಗ ಮುಚ್ಚುತ್ತದೆ. ಡಬ್ಬಕ್ಕೆ ಅದು ಏನೂ ಅಲ್ಲ. ಕಾಗದದ ಮೇಲೆ ಸಣ್ಣ ಗುಂಪು ಮಾಡಲು ಹೊರಟವರಿಗೆ ಅದು ಜಾಸ್ತಿಯೇ.

ಸ್ಪ್ರಿಂಗ್ ಗನ್ ಸ್ಕೋಪನ್ನು ಕೊಲ್ಲುವುದು ಹೇಗೆ

ಇದೊಂದು ಗೊತ್ತಿದ್ದಿದ್ದರೆ ನನ್ನ 1,400 ರೂಪಾಯಿ ಉಳಿಯುತ್ತಿತ್ತು.

ನಳಿಗೆ ಮಡಚಿ ಲೋಡ್ ಮಾಡುವ ಗನ್ ಇದೆಯಲ್ಲ, ಅದರ ಹೊಟ್ಟೆಯಲ್ಲಿ ದಪ್ಪ ಸ್ಪ್ರಿಂಗ್ ಇರುತ್ತದೆ, ಅದರ ಮುಂದೆ ಪಿಸ್ಟನ್. ಕುದುರೆ ಎಳೆದ ಕೂಡಲೇ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ಗನ್ ಹಿಂದಕ್ಕೆ ಒದೆಯುತ್ತದೆ. ಮರುಕ್ಷಣವೇ ಪಿಸ್ಟನ್ ತುದಿಗೆ ಹೋಗಿ ಡಿಕ್ಕಿ ಹೊಡೆದು ನಿಲ್ಲುತ್ತದೆ. ಆಗ ಗನ್ ಮುಂದಕ್ಕೆ ಜಗ್ಗುತ್ತದೆ. ಹೀಗೆ ಒಂದು ಈಡಿಗೆ ಎರಡು ಒದೆತ, ಎರಡು ದಿಕ್ಕಿಗೆ. ದೊಡ್ಡ ಬಂದೂಕಿನ ಸ್ಕೋಪ್‌ಗಳನ್ನು ಹಿಂದಿನ ಒದೆತ ತಡೆಯಲು ಕಟ್ಟಿರುತ್ತಾರೆ. ಮುಂದಕ್ಕೆ ಬರುವ ಜಗ್ಗಿಗೆ ಒಳಗಿನ ಲೆನ್ಸ್ ಸಡಿಲವಾಗುತ್ತದೆ, ಅಡ್ಡಗೆರೆ ಜಾರುತ್ತದೆ. ಭಾರೀ ಬಂದೂಕಿನ ಮೇಲೆ ವರ್ಷಗಟ್ಟಲೆ ಬಾಳಿದ ಒಳ್ಳೇ ಸ್ಕೋಪೂ ಏರ್‌ಗನ್ ಮೇಲೆ ಸಾಯುವುದುಂಟು.

ಹಾಗಾಗಿ ಸ್ಪ್ರಿಂಗ್ ಅಥವಾ ಗ್ಯಾಸ್ ರ‍್ಯಾಮ್ (ಸ್ಪ್ರಿಂಗ್ ಬದಲು ಅದುಮಿದ ಅನಿಲ ಇರುವ) ಗನ್ ಇದ್ದವರು ಮೊದಲು ಹುಡುಕಬೇಕಾದ ಮಾತು "ಏರ್‌ಗನ್‌ಗೆ ತಕ್ಕದ್ದು" ಅಂತ ತಯಾರಕರೇ ಬರೆದಿದ್ದಾರಾ ಅನ್ನುವುದು. ಮಾರುವವನು ಬರೆದಿದ್ದರೆ ಸಾಲದು, ತಯಾರಿಸಿದವರು ಬರೆದಿರಬೇಕು. ಪಿಸಿಪಿ ಗನ್ ಇದ್ದವರಿಗೆ, ಅಂದರೆ ಮೊದಲೇ ಗಾಳಿ ತುಂಬಿಸಿಟ್ಟುಕೊಳ್ಳುವ ಗನ್‌ನವರಿಗೆ, ಈ ತಲೆನೋವಿಲ್ಲ. ಒದೆತವೇ ಇಲ್ಲ ಅನ್ನಬಹುದು. ಅವರು ಇಡೀ ಬಜೆಟ್ಟನ್ನು ಗಾಜಿಗೆ ಹಾಕಬಹುದು.

ಎಒ ಅಂದರೆ ಏನು, ಅದಕ್ಕೆ ಯಾಕೆ ದುಡ್ಡು

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೀರಿ. ಸರಳಿನ ಆಚೆ ದೂರದಲ್ಲಿ ಒಂದು ತೆಂಗಿನಮರ. ತಲೆಯನ್ನು ಸ್ವಲ್ಪ ಆಚೀಚೆ ಮಾಡಿದರೆ ಸರಳು ಮರದ ಎಡಕ್ಕೂ ಬಲಕ್ಕೂ ಓಡಾಡಿದಂತೆ ಕಾಣುತ್ತದೆ. ಸ್ಕೋಪಿನೊಳಗೂ ಇದೇ ಆಗುವುದು. ಗನ್ ಅಲ್ಲಾಡಿಲ್ಲ, ಕಣ್ಣು ಮಾತ್ರ ಒಂದಿಷ್ಟು ಸರಿದಿದೆ, ಆದರೆ ಅಡ್ಡಗೆರೆ ಗುರಿಯ ಮೇಲೆ ಬೇರೆಲ್ಲೋ ಕೂತಿದೆ. ಇದಕ್ಕೆ ಪ್ಯಾರಲಾಕ್ಸ್ ಅನ್ನುತ್ತಾರೆ.

ಪ್ರತಿ ಸ್ಕೋಪಿಗೂ ಈ ದೋಷ ಇಲ್ಲದ ಒಂದು ದೂರ ಇರುತ್ತದೆ. ಸಾಮಾನ್ಯ ಬೇಟೆ ಸ್ಕೋಪುಗಳಲ್ಲಿ ಅದನ್ನು 100 ಗಜಕ್ಕೆ, ಅಂದರೆ ಸುಮಾರು 91 ಮೀಟರಿಗೆ ಕಾರ್ಖಾನೆಯಲ್ಲೇ ಕೂರಿಸಿಬಿಟ್ಟಿರುತ್ತಾರೆ. ನೀವು ಹೊಡೆಯುವುದು 10 ಮೀಟರಿಗೆ. ಲೆಕ್ಕ ಹಾಕಿ ನೋಡಿ. ಮುಂದಿನ ಗಾಜು 40 ಮಿಲಿಮೀಟರ್ ಇದ್ದರೆ ಅದರ ಅರ್ಧ 20. ಅದನ್ನು ದೂರಗಳ ವ್ಯತ್ಯಾಸದಿಂದ, ಅಂದರೆ 81ರಿಂದ ಗುಣಿಸಿ 91ರಿಂದ ಭಾಗಿಸಿ. ಹತ್ತಿರ ಹತ್ತಿರ 18 ಮಿಲಿಮೀಟರ್ ಬರುತ್ತದೆ. ಕಣ್ಣು ಪೂರ್ತಿ ಅಂಚಿಗೆ ಸರಿದರೆ ಅಷ್ಟು ತಪ್ಪಬಹುದು. ಗನ್ ಸರಿ, ಕೈ ಸರಿ, ಪೆಲೆಟ್ ಸರಿ, ಕೆನ್ನೆ ಇಟ್ಟ ಜಾಗ ಬದಲಾಯಿತು ಅಂತ ಹೆಚ್ಚುಕಮ್ಮಿ ಎರಡು ಸೆಂಟಿಮೀಟರ್ ಆಚೆ! ಇನ್ನೊಂದು ತೊಂದರೆ, 9 ಎಕ್ಸ್‌ನಲ್ಲಿ 10 ಮೀಟರಿನ ಕಾಗದ ಮಂಜು ಮಂಜಾಗಿ ಕಾಣುತ್ತದೆ.

ಎಒ (ಅಡ್ಜಸ್ಟಬಲ್ ಆಬ್ಜೆಕ್ಟಿವ್) ಇದ್ದರೆ ಮುಂದಿನ ಗಾಜಿನ ಸುತ್ತ ಒಂದು ಬಳೆ ಇರುತ್ತದೆ. ತಿರುಗಿಸಿ 10 ಮೀಟರಿಗೆ ತಂದರೆ ಚಿತ್ರ ಚೊಕ್ಕ, ಪ್ಯಾರಲಾಕ್ಸ್ ಸೊನ್ನೆಗೆ ಹತ್ತಿರ. ಕೆಲವು ಸ್ಕೋಪುಗಳಲ್ಲಿ ಈ ಗುಂಡಿ ಎಡಬದಿಯಲ್ಲಿ ಇರುತ್ತದೆ. ಅದು ಅನುಕೂಲ, ಬೆಲೆಯೂ ಜಾಸ್ತಿ. ಕೊಳ್ಳುವಾಗ ಬಳೆಯ ಮೇಲಿನ ಅತಿ ಸಣ್ಣ ಸಂಖ್ಯೆ ಯಾವುದು ಅಂತ ನೋಡಿ. ಕೆಲವು 10 ಗಜಕ್ಕೆ ಬರುತ್ತವೆ, ಕೆಲವು 15ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಮನೆಯ ಹಿತ್ತಿಲು 9 ಮೀಟರ್ ಇದ್ದವನಿಗೆ ಎರಡನೆಯದು ಪ್ರಯೋಜನವಿಲ್ಲ.

ಯಾವುದಕ್ಕೆ ಎಷ್ಟು, ಯಾರಿಗೆ ಯಾವುದು

ಬೆಲೆಗಳೆಲ್ಲ ಅಂದಾಜು. ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತಲೇ ಇರುತ್ತವೆ.

ಗನ್ ಜೊತೆ "ಫ್ರೀ" ಬರುವ, ಇಲ್ಲವೇ 600-1,000 ರೂಪಾಯಿಗೆ ಸಿಗುವ 4×20 ಪುಟಾಣಿ: ಬೇಡ. ಅದರ ಕೊಳವೆ ಮುಕ್ಕಾಲು ಇಂಚು. ನಾಳೆ ಒಳ್ಳೇ ಸ್ಕೋಪ್ ತಂದರೆ ಇದನ್ನು ಗನ್ನಿಗೆ ಕೂರಿಸುವ ಮೌಂಟೂ ಉಪಯೋಗಕ್ಕೆ ಬರುವುದಿಲ್ಲ. ಗನ್ನಿನ ತೆರೆದ ಸೈಟೇ ಇದಕ್ಕಿಂತ ವಾಸಿ.

4×32, 1,500ರಿಂದ 3,500 ರೂಪಾಯಿ: ಇದನ್ನು ಜನ ಕೀಳಾಗಿ ಕಾಣುತ್ತಾರೆ, ನನಗೆ ಇದರ ಮೇಲೆ ಗೌರವ. ಝೂಮ್ ಇಲ್ಲ, ಅಂದರೆ ಒಳಗೆ ಓಡಾಡುವ ಭಾಗಗಳು ಕಡಿಮೆ, ಕೆಡುವುದೂ ಕಡಿಮೆ. 32ನ್ನು 4ರಿಂದ ಭಾಗಿಸಿದರೆ 8. ಕಣ್ಣಿಗೆ ಬರುವ ಬೆಳಕಿನ ಬಿಲ್ಲೆ 8 ಮಿಲಿಮೀಟರ್ ಅಗಲ. ತಲೆ ಅಷ್ಟಿಷ್ಟು ಆಚೀಚೆ ಆದರೂ ಚಿತ್ರ ಕಪ್ಪಾಗುವುದಿಲ್ಲ. ಸಂಜೆ ಐದೂವರೆಗೆ ಅಡಿಕೆ ತೋಟದ ನೆರಳಿನಲ್ಲೂ ಕಾಣುತ್ತದೆ. ಗಾಜು ಸಣ್ಣದಾದ್ದರಿಂದ ಪ್ಯಾರಲಾಕ್ಸ್ ತಪ್ಪೂ ಸಣ್ಣದು. 50 ಗಜಕ್ಕೆ ಕೂರಿಸಿದ 4×32ರಲ್ಲಿ 25 ಮೀಟರಿಗೆ ಹೊಡೆದರೆ ಅತಿ ಹೆಚ್ಚು ತಪ್ಪು 7 ಮಿಲಿಮೀಟರ್ ಆಸುಪಾಸು. ಬಜೆಟ್ 3,000 ದಾಟದು ಅಂದರೆ ಇದನ್ನೇ ಕೊಳ್ಳಿ, ಎರಡು ಸಲ ಯೋಚಿಸಬೇಡಿ. ಹಾಕ್ ಕಂಪನಿಯ ವ್ಯಾಂಟೇಜ್ ಸಾಲಿನಲ್ಲಿ ಎಒ ಇರುವ 4×32 ಕೂಡ ಇದೆ, ಬೆಲೆ ಇದಕ್ಕಿಂತ ಬಹಳ ಮೇಲೆ.

3-9×40, ಎಒ ಇಲ್ಲದ್ದು, 1,500ರಿಂದ 4,000: ಕಣ್ಣಿಗೆ ಬೀಳುವುದೆಲ್ಲ ಇದೇ, ನಿರಾಸೆ ಮಾಡುವುದೂ ಇದೇ. ಝೂಮ್ ಇದೆ, ದಪ್ಪಗೆ ಗಂಭೀರವಾಗಿ ಕಾಣುತ್ತದೆ, ಕೆಂಪು-ಹಸಿರು ದೀಪ ಹೊತ್ತುತ್ತದೆ. ಪ್ಯಾರಲಾಕ್ಸ್ ಮಾತ್ರ 100 ಗಜಕ್ಕೆ. ಇದನ್ನು ಕೊಂಡವರು ಕೊನೆಗೆ 4 ಎಕ್ಸ್‌ಗೇ ಇಟ್ಟು ಹೊಡೆಯುವುದನ್ನು ನೋಡಿದ್ದೇನೆ, ಯಾಕೆಂದರೆ ಅದಕ್ಕಿಂತ ಮೇಲೆ ಹೋದರೆ ಮಂಜು. ಹಾಗಾದರೆ 4×32 ಏನು ತಪ್ಪು ಮಾಡಿತ್ತು?

3-9×40 ಅಥವಾ 3-9×32, ಎಒ ಇರುವುದು: ಚೀನಾದ ಕಂಪನಿಗಳದ್ದು 4,000-7,000ಕ್ಕೆ, ಹೆಸರಿರುವವು 10,000ದ ಮೇಲೆ. ಸ್ಪ್ರಿಂಗ್ ಗನ್ ಇಟ್ಟುಕೊಂಡು ನಿಜವಾಗಿ ಕಲಿಯಬೇಕು ಅನ್ನುವವರಿಗೆ ನನ್ನ ಉತ್ತರ ಇದೇ. ಯುಟಿಜಿಯ ಬಗ್ ಬಸ್ಟರ್ ಅನ್ನುವ ಗಿಡ್ಡ 3-9×32 ಸ್ಕೋಪ್ 3 ಗಜದ ಹತ್ತಿರಕ್ಕೂ ಫೋಕಸ್ ಆಗುತ್ತದೆ. ಹಾಕ್ ವ್ಯಾಂಟೇಜ್ 3-9×40 ಎಒದ ಗಾಜು ಇನ್ನೂ ಚೆನ್ನ. ಎರಡರಲ್ಲಿ ಯಾವುದು ಅಂದರೆ, ಹಿತ್ತಿಲಲ್ಲಿ 8-10 ಮೀಟರಿಗೇ ಹೊಡೆಯುವವನಿಗೆ ಗಿಡ್ಡದು, 25 ಮೀಟರ್ ಬಯಲು ಇರುವವನಿಗೆ ಹಾಕ್. ನಿಕ್ಕೊ ಸ್ಟರ್ಲಿಂಗ್‌ನ ಮೌಂಟ್‌ಮಾಸ್ಟರ್ ಎಒ ಸಿಕ್ಕರೆ ಅದನ್ನೂ ಒಮ್ಮೆ ನೋಡಿ.

4-12×40 ಎಒ: ಪಿಸಿಪಿ ಗನ್‌ನವರಿಗೆ, ಬೆಂಚಿನ ಮೇಲೆ ಮರಳುಚೀಲ ಇಟ್ಟು 30-50 ಮೀಟರಿಗೆ ಹೊಡೆಯುವವರಿಗೆ. ನಿಂತುಕೊಂಡು 12 ಎಕ್ಸ್‌ನಲ್ಲಿ ನೋಡಿದರೆ ನಿಮ್ಮ ಎದೆಬಡಿತವೇ ಅಡ್ಡಗೆರೆಯಲ್ಲಿ ಕುಣಿಯುತ್ತದೆ.

6-24×50: ಏಳೆಂಟು ಸಾವಿರಕ್ಕೆ ಇಷ್ಟೆಲ್ಲ ಕೊಡುತ್ತಾರೆ ಅಂದರೆ ಎಲ್ಲೋ ಕೊಯ್ದಿದ್ದಾರೆ ಅಂತಲೇ ಅರ್ಥ. 24 ಎಕ್ಸ್‌ನಲ್ಲಿ ಬೆಳಕಿನ ಬಿಲ್ಲೆ 2 ಮಿಲಿಮೀಟರಿಗೆ ಇಳಿಯುತ್ತದೆ. ಮೋಡ ಕವಿದ ದಿನ ಕೊಳವೆಯಲ್ಲಿ ಇಣುಕಿದಂತೆ. ಭಾರವೂ ಅಷ್ಟೇ. ಭಾರ ಹೆಚ್ಚಿದಷ್ಟೂ ಸ್ಪ್ರಿಂಗ್ ಗನ್ನಿನ ಒದೆತಕ್ಕೆ ಮೌಂಟ್ ಬೇಗ ಜಾರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಪಿಸಿಪಿ ಮೇಲಿದ್ದ ಸ್ಕೋಪ್ ಆದರೆ ಒಳ್ಳೇ ವ್ಯಾಪಾರ. ಎಷ್ಟೇ ದೊಡ್ಡ ಹೆಸರಿದ್ದರೂ ಬೇಟೆ ಬಂದೂಕಿಗೆ ಮಾಡಿದ, 100 ಗಜದ ಸ್ಕೋಪ್ ಮಾತ್ರ ಬೇಡ. ಹೆಸರಾಂತ ಕಂಪನಿಗಳ ನಕಲಿಯೂ ಧಾರಾಳ. ಮುಂದಿನ ಗಾಜು ಕನ್ನಡಿಯಂತೆ ಕೆಂಪಗೆ ಹೊಳೆಯುತ್ತಿದ್ದರೆ ನಾನು ದೂರ ಇರುತ್ತೇನೆ. ಆ ಲೇಪನ ಕೆಂಪು ಬೆಳಕನ್ನು ಹೊರಗೇ ತಳ್ಳುವುದರಿಂದ ಒಳಗಿನ ಚಿತ್ರ ನೀಲಿ-ಹಸಿರಾಗಿ, ಮಂಕಾಗಿ ಕಾಣುತ್ತದೆ. ಒಳ್ಳೇ ಲೇಪನದ ಗಾಜು ವಾರೆಯಾಗಿ ನೋಡಿದಾಗ ತಿಳಿ ಹಸಿರೋ ನೇರಳೆಯೋ ಮಿನುಗುತ್ತದೆ, ಅಷ್ಟೇ.

ದೀಪ ಹೊತ್ತುವ ಅಡ್ಡಗೆರೆಗೆ ಹೆಚ್ಚಿಗೆ ಕೊಡಬೇಡಿ. ಹಗಲಲ್ಲಿ ಅದರ ಕೆಲಸವಿಲ್ಲ. ಮಿಲ್-ಡಾಟ್ ಗೆರೆ, ಅಂದರೆ ಉದ್ದಕ್ಕೂ ಸಣ್ಣ ಚುಕ್ಕೆಗಳಿರುವ ಅಡ್ಡಗೆರೆ, ಇದ್ದರೆ ಒಳ್ಳೇದು, ದೂರ ಬದಲಾದಾಗ ಚುಕ್ಕೆ ಎಣಿಸಿ ಗುರಿ ಹಿಡಿಯಲು ಅನುಕೂಲ. ಆದರೆ ಈ ಬೆಲೆಯ ಸ್ಕೋಪುಗಳಲ್ಲಿ ಝೂಮ್ ಬದಲಿಸಿದರೆ ಚುಕ್ಕೆಗಳ ಲೆಕ್ಕವೂ ಬದಲಾಗುತ್ತದೆ. ಒಂದು ಝೂಮ್ ಆರಿಸಿಕೊಂಡು ಅಲ್ಲೇ ಇರಿ.

ಮೌಂಟಿಗೆ ಜಿಪುಣತನ ಬೇಡ

5,000ದ ಸ್ಕೋಪಿಗೆ 200 ರೂಪಾಯಿಯ ಮೌಂಟ್ ಹಾಕಿ, ಆಮೇಲೆ ಸ್ಕೋಪನ್ನು ಬೈಯುವವರೇ ಹೆಚ್ಚು.

ಮೊದಲು ಗನ್ನಿನ ಬೆನ್ನು ನೋಡಿ. ಬಹುತೇಕ ಏರ್‌ಗನ್‌ಗಳಲ್ಲಿ 11 ಮಿಲಿಮೀಟರಿನ ಕಿರಿದಾದ ಡವ್‌ಟೇಲ್ ಹಳಿ ಇರುತ್ತದೆ. ಕೆಲವದರಲ್ಲಿ ಅಗಲದ, ಅಡ್ಡ ಕಚ್ಚುಗಳಿರುವ ಪಿಕಟಿನ್ನಿ. ಒಂದರ ಮೌಂಟ್ ಇನ್ನೊಂದಕ್ಕೆ ಕೂರುವುದಿಲ್ಲ. ಸ್ಕೋಪಿನ ಕೊಳವೆ ಒಂದಿಂಚೋ 30 ಮಿಲಿಮೀಟರೋ ಅದನ್ನೂ ನೋಡಿ. ಸ್ಪ್ರಿಂಗ್ ಗನ್‌ಗೆ ಎರಡು ಬಿಡಿ ಉಂಗುರಗಳಿಗಿಂತ ಒಂದೇ ತುಂಡಿನ ಮೌಂಟ್ ಒಳ್ಳೇದು. ಅದರ ಅಡಿಯಲ್ಲಿ ಒಂದು ಸಣ್ಣ ಪಿನ್ ಇರಬೇಕು. ಗನ್ನಿನ ಬೆನ್ನ ಮೇಲಿನ ತೂತಿಗೆ ಅದು ಇಳಿದು ಮೌಂಟನ್ನು ಜಾರದಂತೆ ಹಿಡಿಯುತ್ತದೆ. 800-1,500 ರೂಪಾಯಿ ಇದಕ್ಕೆ ಎತ್ತಿಡಿ.

ಕೂರಿಸಿದ ಮೇಲೆ ಉಂಗುರಕ್ಕೂ ಕೊಳವೆಗೂ ಸೇರಿದಂತೆ ನೇಲ್ ಪಾಲಿಶ್‌ನ ಒಂದು ಸಣ್ಣ ಗೆರೆ ಎಳೆಯಿರಿ. ಮೌಂಟಿಗೂ ಹಳಿಗೂ ಇನ್ನೊಂದು. ಐವತ್ತು ಈಡಿನ ನಂತರ ಗೆರೆ ಮುರಿದಿದ್ದರೆ ಕಳ್ಳ ಸಿಕ್ಕ. ನಾನು ಅಕ್ಕನ ಬಾಟಲಿ ಕದ್ದು ಹಚ್ಚಿದ ಗುಲಾಬಿ ಗೆರೆ ಈಗಲೂ ಇದೆ. ಅಡ್ಡಗೆರೆ ನೆಟ್ಟಗಿದೆಯಾ ನೋಡಲು ಗಾರೆಯವರು ಗೋಡೆ ನೇರ ನೋಡಲು ಇಳಿಬಿಡುತ್ತಾರಲ್ಲ, ಆ ದಾರ-ಗುಂಡು ಸಾಕು. ಹತ್ತು ಮೀಟರ್ ಆಚೆ ನೇತುಹಾಕಿ, ಗನ್ ಸಮಕ್ಕೆ ಹಿಡಿದು, ಉದ್ದಗೆರೆಯನ್ನು ದಾರಕ್ಕೆ ಸೇರಿಸಿ. ಸ್ಕ್ರೂಗಳನ್ನು ಅಲೆನ್ ಕೀಯ ಗಿಡ್ಡ ಕಡೆ ಹಿಡಿದು ಬಿಗಿಸುವಷ್ಟೇ ಬಿಗಿ ಮಾಡಿ. ಉದ್ದ ಕಡೆ ಹಿಡಿದು ಜೋರು ಮಾಡಿದರೆ ಕೊಳವೆ ನಜ್ಜುಗುಜ್ಜಾಗುತ್ತದೆ.

ಕೆಲವು ಗನ್‌ಗಳ ನಳಿಗೆ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಮೇಲಿನ ಗುಂಡಿ ಪೂರ್ತಿ ತಿರುಗಿಸಿದರೂ ಪೆಲೆಟ್ ಕೆಳಗೇ ಬೀಳುತ್ತದೆ. ಸ್ಕೋಪ್ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಕೂಲ್‌ಡ್ರಿಂಕ್ ಕ್ಯಾನಿನಿಂದ ಕತ್ತರಿಸಿದ ಒಂದು ಪಟ್ಟಿಯನ್ನು ಹಿಂದಿನ ಉಂಗುರದಲ್ಲಿ, ಕೊಳವೆಯ ಅಡಿಗೆ ಇಡಿ. ಅದರ ದಪ್ಪ 0.1 ಮಿಲಿಮೀಟರ್ ಹತ್ತಿರ. ಉಂಗುರಗಳ ನಡುವೆ 10 ಸೆಂಟಿಮೀಟರ್ ಇದ್ದರೆ ಅಷ್ಟಕ್ಕೇ 10 ಮೀಟರಿನಲ್ಲಿ ಪೆಟ್ಟು 1 ಸೆಂಟಿಮೀಟರ್ ಮೇಲೇರುತ್ತದೆ. ಎರಡು ಪಟ್ಟಿಗಿಂತ ಜಾಸ್ತಿ ಬೇಕಾದರೆ ಬಾಗಿದ ನಳಿಗೆಗಂತಲೇ ಮಾಡಿದ ಮೌಂಟ್ ಕೊಳ್ಳಿ.

ಬಂದ ಮೇಲೆ ಪರೀಕ್ಷೆ, ವಾಪಸ್ ಕಳಿಸುವ ದಿನ ಮುಗಿಯುವ ಮೊದಲು

ಬಹುತೇಕ ಸ್ಕೋಪುಗಳಲ್ಲಿ ಅಡ್ಡಗೆರೆ ಸರಿಸುವ ಗುಂಡಿಯ ಒಂದು ಕ್ಲಿಕ್ಕಿಗೆ ಕಾಲು ಎಂಒಎ. 10 ಮೀಟರಿನಲ್ಲಿ ಅದು ಬರೀ 0.7 ಮಿಲಿಮೀಟರ್. ಒಂದು ಸೆಂಟಿಮೀಟರ್ ಸರಿಸಲು 14 ಕ್ಲಿಕ್ ಬೇಕು. ನಾಲ್ಕು ಕ್ಲಿಕ್ ತಿರುಗಿಸಿ "ಏನೂ ಆಗ್ತಿಲ್ಲ" ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ.

ಮರಳುಚೀಲದ ಮೇಲೆ ಗನ್ ಇಟ್ಟು ಮೂರು ಈಡು ಹೊಡೆಯಿರಿ. ಅದೇ ಚುಕ್ಕೆಗೆ ಗುರಿ ಇಟ್ಟುಕೊಂಡು 40 ಕ್ಲಿಕ್ ಮೇಲಕ್ಕೆ, ಮೂರು ಈಡು. 40 ಬಲಕ್ಕೆ, ಮೂರು. 40 ಕೆಳಕ್ಕೆ, ಮೂರು. 40 ಎಡಕ್ಕೆ, ಮೂರು. ಕಾಗದದ ಮೇಲೆ 3 ಸೆಂಟಿಮೀಟರ್ ಚೌಕ ಬರಬೇಕು, ಕೊನೆಯ ಮೂರು ಮೊದಲ ಮೂರರ ಮೇಲೇ ಬೀಳಬೇಕು. ಚೌಕ ಸ್ವಲ್ಪ ಚಿಕ್ಕದೋ ದೊಡ್ಡದೋ ಆದರೆ ಚಿಂತೆಯಿಲ್ಲ. ಮೊದಲ ಜಾಗಕ್ಕೆ ವಾಪಸ್ ಬರದಿದ್ದರೆ ಸ್ಕೋಪನ್ನು ಪೆಟ್ಟಿಗೆಗೆ ಹಾಕಿ ಕಳಿಸಿಬಿಡಿ. ನಂತರ ಝೂಮನ್ನು 3ರಿಂದ 9ಕ್ಕೆ ತಿರುಗಿಸುತ್ತಾ ನೋಡಿ, ಅಡ್ಡಗೆರೆ ಗುರಿ ಬಿಟ್ಟು ಅಲೆಯಬಾರದು.

ಝೀರೋ ಮಾಡುವಾಗ, ಅಂದರೆ ಅಡ್ಡಗೆರೆ ಇಟ್ಟಲ್ಲೇ ಪೆಟ್ಟು ಬೀಳುವಂತೆ ಹೊಂದಿಸುವಾಗ, ಇನ್ನೊಂದು ಮಾತು. ಸ್ಕೋಪ್ ನಳಿಗೆಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಸಾಧಾರಣ ವೇಗದ ಗನ್ನನ್ನು 20 ಮೀಟರಿಗೆ ಝೀರೋ ಮಾಡಿದರೆ, 10 ಮೀಟರಿನಲ್ಲಿ ಪೆಟ್ಟು ಸುಮಾರು ಒಂದು ಸೆಂಟಿಮೀಟರ್ ಕೆಳಗೆ, 5 ಮೀಟರಿನಲ್ಲಿ ಎರಡು ಎರಡೂವರೆ ಕೆಳಗೆ. ಹತ್ತಿರದ ಗುರಿ ತಪ್ಪುತ್ತಿದೆ ಅಂತ ಗಾಬರಿಯಾಗಬೇಡಿ, ಲೆಕ್ಕವೇ ಹಾಗೆ.

ಮಲೆನಾಡಿನವರಿಗೆ ಒಂದು ಮಾತು. ಜುಲೈ ತಿಂಗಳಲ್ಲಿ ಸ್ಕೋಪನ್ನು ಗನ್ನಿನ ಚೀಲದಲ್ಲಿ ಬಿಡಬೇಡಿ. ಒಳಗಿನ ಸ್ಪಂಜು ತೇವ ಹೀರಿ ಕೂತಿರುತ್ತದೆ. ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿದರೆ ರಿಪೇರಿಗೆ ಸ್ಕೋಪಿನ ಬೆಲೆಗಿಂತ ಜಾಸ್ತಿ ಆಗುತ್ತದೆ. ಗಾಳಿಯಾಡದ ಡಬ್ಬ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ, ಅಷ್ಟು ಮಾಡಿ.

ಇವತ್ತು ನನ್ನ ಕೈಯಲ್ಲಿ 7,000 ರೂಪಾಯಿ, ಒಂದು ಸ್ಪ್ರಿಂಗ್ ಗನ್ ಕೊಟ್ಟರೆ: ಎಒ ಇರುವ 3-9 ಸ್ಕೋಪಿಗೆ 4,500, ಒಂದೇ ತುಂಡಿನ ಮೌಂಟಿಗೆ 1,200. ಉಳಿದ 1,300ಕ್ಕೆ ಮೂರು ಬೇರೆ ಬೇರೆ ಪೆಲೆಟ್ ಡಬ್ಬಿ, ನನ್ನ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ ನೋಡಲು. 3,000 ಕೊಟ್ಟರೆ 4×32, ಅದೇ ಥರದ ಮೌಂಟ್, ಒಂದು ಡಬ್ಬಿ ಪೆಲೆಟ್.